ಒಂದು ಸಾಲಪತ್ರ, ಎರಡು ಹೆಸರು

ಸಹಕಾರ ಸಂಘಗಳ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು, ನಿಮ್ಮ ಅನುಭವ ಹೇಳಿ ಸಾರ್ ಎಂದು ಕೇಳುತ್ತಾರೆ. ಹೆಚ್ಚಿನವರಿಗೆ ನಿಜವಾಗಿ ಬೇಕಾಗಿರುವುದು ಬಡ್ತಿ ಹೇಗೆ ಸಿಕ್ಕಿತು, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ ಎನ್ನುವುದು. ಬಡ್ತಿ ನನಗೆ ತಡವಾಗಿ ಸಿಕ್ಕಿತು, ವರ್ಗಾವಣೆ ಒಂದನ್ನೂ ತಪ್ಪಿಸಿಕೊಳ್ಳಲಾಗಲಿಲ್ಲ. ಆ ವಿಷಯ ಇಲ್ಲಿಗೆ ಮುಗಿಯಿತು. ನಾನು ಬರೆಯಹೊರಟಿರುವುದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಚಾಮರಾಜನಗರದ ಸುತ್ತ ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ, ಒಳ್ಳೆಯದು ಮಾಡಲು ಹೋಗಿ ಮಾಡಿದ ಒಂದು ಎಡವಟ್ಟಿನ ವಿಷಯ. ಅದು ಎಡವಟ್ಟು ಎನ್ನುವುದು ಇಲಾಖೆಯ ತೀರ್ಮಾನ. ನನಗೆ ಮಾತ್ರ ಅದರ ತಲೆ ಯಾವುದು, ಬುಡ ಯಾವುದು ಎಂದು ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ತಿಳಿದಿದ್ದರೆ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೆ.

ಸೂಪರ್‌ವೈಸರ್ ಎಂದರೆ ಭಾರಿ ಹುದ್ದೆ ಎಂದುಕೊಳ್ಳಬೇಡಿ. ಹನ್ನೆರಡು ಹದಿಮೂರು ಹಳ್ಳಿಯ ಸಂಘಗಳು ನನ್ನ ಪಾಲಿಗೆ. ಒಂದೊಂದು ಸಂಘಕ್ಕೂ ಒಬ್ಬ ಕಾರ್ಯದರ್ಶಿ, ಅವರು ಸಾಮಾನ್ಯವಾಗಿ ಆ ಊರಿನ ಮೇಷ್ಟರು. ಕಬ್ಬಿಣದ ಪೆಟ್ಟಿಗೆ ಅಧ್ಯಕ್ಷರ ಮನೆಯಲ್ಲಿ, ಅದರ ಬೀಗದ ಕೈ ಖಜಾಂಚಿಯ ಉಡಿದಾರದಲ್ಲಿ. ಇಬ್ಬರಿಗೂ ಮಾತು ಬಿಟ್ಟಿದ್ದರೆ ಆ ದಿನ ಪೆಟ್ಟಿಗೆ ತೆರೆಯುವುದಿಲ್ಲ. ನಾನು ಹೋಗಿ ಲೆಕ್ಕದ ಪುಸ್ತಕ ನೋಡಬೇಕು, ಸಾಲ ಕೇಳಿದವರ ಜಮೀನು ನೋಡಬೇಕು, ಕಟ್ಟದವರ ಮನೆ ಬಾಗಿಲಿಗೆ ಹೋಗಿ ಬೈಸಿಕೊಳ್ಳಬೇಕು. ಬೈಯುವವರೇ ಮಜ್ಜಿಗೆಯನ್ನೂ ಕೊಡುತ್ತಿದ್ದರು, ಹೀಗಾಗಿ ದಿನ ಹೇಗೋ ಕಳೆಯುತ್ತಿತ್ತು.

ನನ್ನ ಮೇಲಿದ್ದ ಇನ್‌ಸ್ಪೆಕ್ಟರರು ಮುಚ್ಚುಗೊರಳಿನ ಕೋಟು ಹಾಕಿ, ನಶ್ಯ ಏರಿಸುತ್ತಿದ್ದ ಮನುಷ್ಯ. ಅವರು ಯಾರ ಮೇಲೂ ಕೂಗಾಡಿದ್ದನ್ನು ನಾನು ಕಾಣೆ. ತಪ್ಪು ಕಂಡರೆ ರೂಲು ದೊಣ್ಣೆಯನ್ನು ಆ ಸಾಲಿನ ಕೆಳಗೆ ಇಟ್ಟು, ನಶ್ಯದ ಡಬ್ಬಿ ತೆಗೆದು, ಸೀನುವವರೆಗೂ ಸುಮ್ಮನಿರುತ್ತಿದ್ದರು. ಆ ಸೀನು ಬರುವಷ್ಟರಲ್ಲಿ ತಪ್ಪು ಮಾಡಿದವನ ಅಂಗಿ ಬೆವರಿನಲ್ಲಿ ತೊಯ್ದಿರುತ್ತಿತ್ತು. ಅವರಿಂದ ನಾನು ಕಲಿತದ್ದು ಬಹಳ, ಅವರಿಗೆ ಹೆದರಿ ಕಲಿಯದೆ ಹೋದದ್ದೂ ಬಹಳ.

ಎಡವಟ್ಟಿಗೆ ಬರುವ ಮೊದಲು, ನಾನು ದಾರಿ ತಪ್ಪಿದ್ದು ಹೇಗೆ ಎಂದು ಹೇಳಬೇಕು. ಬದನಗುಪ್ಪೆಯ ಕಡೆ ಇಬ್ಬರು ಅಣ್ಣ ತಮ್ಮಂದಿರು ಒಂದೇ ಪತ್ರದ ಮೇಲೆ ಬಾವಿಗೂ ಎತ್ತಿಗೂ ಸೇರಿಸಿ ಸಾಲ ತೆಗೆದಿದ್ದರು. ಆಮೇಲೆ ಮನೆ ಪಾಲಾಯಿತು. ಅಣ್ಣನಿಗೆ ಎತ್ತು, ಎತ್ತಿನ ಸಾಲ. ತಮ್ಮನಿಗೆ ಬಾವಿ, ಬಾವಿಯ ಸಾಲ. ನಾನು ಪುಸ್ತಕದಲ್ಲಿ ಎರಡು ಪುಟ ಮಾಡಿಕೊಟ್ಟೆ. ಆ ಮಳೆಗಾಲದಲ್ಲಿ ಜೋಡಿಯಲ್ಲಿ ಒಂದು ಎತ್ತು ಸತ್ತಿತು. ಅಣ್ಣ ಸಂಘಕ್ಕೆ ಬಂದು, ಸಾಲದಲ್ಲಿ ಅರ್ಧ ಸತ್ತುಹೋಯಿತಲ್ಲ, ಅದನ್ನು ಹೊಡೆದುಹಾಕಿ ಎಂದ. ಸಾಲಕ್ಕೆ ಸಾವಿಲ್ಲ ಎಂದು ನಾನು ಹೇಳಿದೆ. ಹಾಗಾದರೆ ಬೇಸಿಗೆಯಲ್ಲಿ ತಮ್ಮನ ಬಾವಿ ಬತ್ತಿದಾಗಲೂ ಅವನಿಗೆ ಬಿಡಕೂಡದು, ನೋಡಿಕೊಳ್ಳಿ ಎಂದು ನನ್ನಿಂದ ಮಾತು ತೆಗೆದುಕೊಂಡು ಹೋದ. ಹಟಕ್ಕೆ ಬಿದ್ದು ಇಬ್ಬರೂ ಗಡುವಿಗೆ ಮೊದಲೇ ಕಟ್ಟಿದರು. ಒಂದು ಸಾಲವನ್ನು ಎರಡು ಮಾಡುವುದು ಸುಲಭ, ಹಾಗೆ ಮಾಡಿದರೆ ವಸೂಲಿಯೂ ಚೆನ್ನಾಗಿ ಆಗುತ್ತದೆ ಎಂದು ನಾನು ನಂಬಿಬಿಟ್ಟೆ. ಅವರಿಬ್ಬರೂ ಕಟ್ಟಿದ್ದರಿಂದ ನಾನು ಬಚಾವಾಗಿದ್ದೆ ಎನ್ನುವುದು ತಲೆಗೆ ಹೋಗಲೇ ಇಲ್ಲ.

ಹರದನಹಳ್ಳಿ ದಾಟಿ ಮುಂದಕ್ಕೆ ಒಂದು ಊರು. ಹೆಸರು ಬೇಡ. ಅಲ್ಲಿ ರಂಗಶೆಟ್ಟಿ, ಚಿಕ್ಕತಾಯಮ್ಮ ಎಂಬ ಗಂಡ ಹೆಂಡಿರು ರೇಷ್ಮೆ ನೂಲು ಬಿಚ್ಚುವ ಚರಕ, ತಾಮ್ರದ ಬಾಣಲೆ, ಒಲೆ ಇವಕ್ಕೆಂದು ಸಂಘದಲ್ಲಿ ಇನ್ನೂರ ನಲವತ್ತು ರೂಪಾಯಿ ಸಾಲ ತೆಗೆದಿದ್ದರು. ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸವೆಲ್ಲ ಅವಳದು. ಗೂಡು ತರುವುದು, ನೂಲು ಮಾರುವುದು ಅವನದು. ದುಡಿಯುವವಳ ರುಜುವೂ ಇರಲಿ ಎಂದು ಕಾರ್ಯದರ್ಶಿ ಮೇಷ್ಟರು ಇಬ್ಬರನ್ನೂ ಸದಸ್ಯರನ್ನಾಗಿ ಮಾಡಿ, ಪತ್ರಕ್ಕೆ ಇಬ್ಬರದೂ ಹೆಬ್ಬೆಟ್ಟು ಹಾಕಿಸಿದ್ದರು. ನಾನೇ ಪಕ್ಕದಲ್ಲಿ ಕೂತು ಮಸಿಯ ಡಬ್ಬಿ ಹಿಡಿದಿದ್ದೆ.

ಅರವತ್ತು ರೂಪಾಯಿ ತೀರಿಸಿದ ಮೇಲೆ ಗಂಡ ಹೆಂಡಿರ ಸಂಬಂಧ ಬಿಟ್ಟುಹೋಯಿತು. ಯಾಕೆ ಎಂದು ನನಗೆ ಗೊತ್ತಿಲ್ಲ. ಕೇಳಿದವರೊಬ್ಬೊಬ್ಬರೂ ಒಂದೊಂದು ಹೇಳಿದರು. ಮಕ್ಕಳಾಗಲಿಲ್ಲ ಎಂದರು, ಅವನು ತಿಂಗಳುಗಟ್ಟಲೆ ಊಟಿಯ ಕಡೆ ಹೋಗಿ ಕೂತುಬಿಡುತ್ತಿದ್ದ ಎಂದರು, ಅವಳದು ಬಾಯಿ ಜೋರು ಎಂದರು. ಅವರಿಬ್ಬರೂ ಜಗಳವಾಡಿದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಸಿಗಲಿಲ್ಲ. ಕುಲದ ಯಜಮಾನರು ಚಾವಡಿಯಲ್ಲಿ ಸೇರಿದ ದಿನ ನಾನು ವಸೂಲಿಗೆಂದು ಆ ಊರಿನಲ್ಲೇ ಇದ್ದೆ. ಅವರ ಪದ್ಧತಿಯಂತೆ ಇಬ್ಬರ ಕೈಗೂ ಒಂದು ಕಡ್ಡಿಯ ಎರಡು ತುದಿ ಕೊಟ್ಟು ಮುರಿಸಿದರು. ಅಲ್ಲಿಗೆ ಸಂಬಂಧ ಮುಗಿಯಿತು. ಆಮೇಲೆ ಸಾಮಾನು. ಚರಕ, ಬಾಣಲೆ ಅವಳಿಗೆ. ಗಾಡಿ, ಎತ್ತು ಅವನಿಗೆ. ಉಳಿದದ್ದು ನೂರ ಎಂಬತ್ತು ರೂಪಾಯಿ ಸಾಲ.

ಕೂಡಿ ತಂದದ್ದನ್ನು ಕೂಡಿಯೇ ತೀರಿಸಲಿ, ಆಳಿಗೆ ತೊಂಬತ್ತು ಎಂದರು ಯಜಮಾನರು. ಇಬ್ಬರೂ ಹೂಂ ಎಂದರು. ಯಜಮಾನರು ನನ್ನ ಕಡೆ ತಿರುಗಿ, ಸಂಘದ ಸ್ವಾಮಿಗಳೂ ಇಲ್ಲೇ ಇದ್ದಾರಲ್ಲ, ಬರೆದುಕೊಳ್ಳಲಿ ಎಂದರು. ಅಷ್ಟು ದೊಡ್ಡವರು ನನ್ನನ್ನು ಸ್ವಾಮಿಗಳು ಎಂದದ್ದು ಅದೇ ಮೊದಲು. ನಾನು ಅಲ್ಲೇ ಪುಸ್ತಕ ತರಿಸಿ, ಹಳೆಯ ಪುಟಕ್ಕೆ ಅಡ್ಡಗೆರೆ ಎಳೆದು, ಎರಡು ಹೊಸ ಪುಟ ಮಾಡಿದೆ. ಮೇಷ್ಟರು ರುಜು ಹಾಕಿದರು. ಎಲ್ಲರಿಗೂ ಎಲೆ ಅಡಿಕೆ ಕೊಟ್ಟರು. ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯಲ್ಲಿ ಸೈಕಲ್ ಹತ್ತಿದ್ದು ಈಗಲೂ ನೆನಪಿದೆ.

ಚಿಕ್ಕತಾಯಮ್ಮ ತನ್ನ ತೊಂಬತ್ತನ್ನು ಬಡ್ಡಿ ಸಮೇತ ಎಂಟು ತಿಂಗಳಲ್ಲಿ ಕಟ್ಟಿದಳು. ಕೊನೆಯ ಕಂತಿನ ದಿನ ನಾನೇ ನನ್ನ ಕೈಯಾರೆ, ಈಕೆಯಿಂದ ಸಂಘಕ್ಕೆ ಏನೂ ಬಾಕಿ ಇರುವುದಿಲ್ಲ ಎಂದು ಬರೆದು ರಸೀದಿ ಕೊಟ್ಟೆ. ಸ್ವಲ್ಪ ದಿನಕ್ಕೆ ಕುದೇರಿನ ಕಡೆಯ ನಂಜಶೆಟ್ಟಿ ಎಂಬುವನೊಡನೆ ಅವಳಿಗೆ ಕೂಡಾವಳಿ, ಎಂದರೆ ಮರುಮದುವೆ, ಆಯಿತು. ಮೊದಲ ಹೆಂಡತಿ ತೀರಿಕೊಂಡಿದ್ದ, ಮೆತ್ತಗಿನ ಮನುಷ್ಯ. ಚರಕವನ್ನೂ ಬಾಣಲೆಯನ್ನೂ ಗಾಡಿಯಲ್ಲಿ ಹೇರಿಕೊಂಡು ಅವಳು ಆ ಊರಿಗೆ ಹೋದಳು. ರಂಗಶೆಟ್ಟಿ ಒಂದು ಕಾಸನ್ನೂ ಕಟ್ಟದೆ ಗಾಡಿ ಹೊಡೆದುಕೊಂಡು ಎಲ್ಲಿಗೋ ಹೋಗಿಬಿಟ್ಟಿದ್ದ.

ಇನ್‌ಸ್ಪೆಕ್ಟರರು ತನಿಖೆಗೆ ಬಂದರು. ರೂಲು ದೊಣ್ಣೆ ಆ ಅಡ್ಡಗೆರೆಯ ಕೆಳಗೆ ಬಂದು ನಿಂತಿತು. ನಶ್ಯದ ಡಬ್ಬಿ ಹೊರಬಂತು. ಯಾರನ್ನು ಕೇಳಿ ಎರಡು ಮಾಡಿದೆ ಎಂದರು. ಊರ ಯಜಮಾನರು ತೀರ್ಮಾನ ಮಾಡಿದರು ಸಾರ್ ಎಂದೆ. ಸಾಲ ಕೊಟ್ಟದ್ದು ಯಜಮಾನರೋ ಸಂಘವೋ ಎಂದು ಕೇಳಿ, ಸೀನಿ, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, ಬಹಳ ಸಮಾಧಾನವಾಗಿ ಹೇಳಿದರು.

"ಪತ್ರಕ್ಕೆ ಕಿವಿ ಇಲ್ಲ ಕಣಯ್ಯ. ಊರಲ್ಲಿ ಏನು ಮಾತಾಯಿತು ಅಂತ ಅದಕ್ಕೆ ಕೇಳಿಸೋದಿಲ್ಲ. ಇಬ್ಬರೂ ಜಂಟಿಯಾಗಿಯೂ, ಬೇರೆಬೇರೆಯಾಗಿಯೂ ಪೂರ್ತಿ ಸಾಲಕ್ಕೆ ಹೊಣೆ ಅಂತ ಅದರಲ್ಲಿ ಬರೆದಿದೆ. ಅವರು ಬಿಟ್ಟರು, ನೀನು ಗೆರೆ ಎಳೆದೆ, ಪತ್ರ ಹಾಗೇ ಇದೆ."

ಹೊಸಬರು ಇಲ್ಲಿ ಒಂದು ಗುರುತು ಹಾಕಿಕೊಳ್ಳಬೇಕು. ಜಂಟಿ ಸಾಲ ತೆಗೆದವರು ತಮ್ಮತಮ್ಮಲ್ಲಿ ಏನೇ ಹಂಚಿಕೊಳ್ಳಲಿ, ಸಾಲ ಕೊಟ್ಟವರಿಗೆ ಅದು ಅಂಟುವುದಿಲ್ಲ. ಒಬ್ಬರು ಕಟ್ಟದಿದ್ದರೆ ಇನ್ನೊಬ್ಬರಿಂದ ಪೂರ್ತಿ ಕೇಳಬಹುದು. ನಿಜವಾಗಿ ಬೇರೆ ಮಾಡಬೇಕೆಂದರೆ ಆಡಳಿತ ಮಂಡಳಿಯ ಠರಾವು ಬೇಕು, ಇಬ್ಬರಿಂದಲೂ ಬೇರೆಬೇರೆ ಹೊಸ ಪತ್ರ ಬೇಕು, ಹೊಸ ಜಾಮೀನು ಬೇಕು, ಹಳೆಯ ಪತ್ರ ರದ್ದಾಗಬೇಕು. ಅಡ್ಡಗೆರೆ ಸಾಲದು. ಇದು ನನಗೆ ಗೊತ್ತಿರಬೇಕಿತ್ತು, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ ಕೂಡ. ಎಲೆ ಅಡಿಕೆಯ ಮುಂದೆ ಪರೀಕ್ಷೆ ಮರೆತುಹೋಗಿತ್ತು.

ಇಬ್ಬರಿಗೂ ನೋಟೀಸು ಹೊರಟಿತು. ರಂಗಶೆಟ್ಟಿಯದು ವಿಳಾಸದಲ್ಲಿ ಇಲ್ಲ ಎಂದು ಎರಡು ಸಲ ವಾಪಸು ಬಂತು. ಚಿಕ್ಕತಾಯಮ್ಮನದು ವಾಪಸು ಬರಲಿಲ್ಲ, ಯಾಕೆಂದರೆ ಅವಳಿದ್ದ ಊರು ನನಗೆ ಗೊತ್ತಿತ್ತು, ವಿಳಾಸ ಬರೆದವನೂ ನಾನೇ. ನೋಟೀಸಿನಲ್ಲಿ ಹೆಸರು ಪತ್ರದಲ್ಲಿ ಇರುವ ಹಾಗೆಯೇ ಇರಬೇಕು ಎನ್ನುವುದು ನಿಯಮ. ಪತ್ರದಲ್ಲಿ ಅವಳು ರಂಗಶೆಟ್ಟಿಯ ಹೆಂಡತಿ ಚಿಕ್ಕತಾಯಮ್ಮ. ನಾನು ಹಾಗೆಯೇ ಬರೆದೆ. ಈಗ ಅದು ನಿಜವಲ್ಲ ಎಂದು ಗೊತ್ತಿತ್ತು, ಆದರೆ ಇನ್ನೊಂದು ತಪ್ಪು ಮಾಡಲು ಧೈರ್ಯವಿರಲಿಲ್ಲ.

ನೋಟೀಸು ಜಾರಿ ಮಾಡಿ ಜಪ್ತಿಯ ಪಟ್ಟಿ ತಯಾರಿಸುವ ಅಮೀನನ ಜೊತೆಗೆ, ಆಸಾಮಿಯನ್ನು ಗುರುತು ತೋರಿಸಲು ಸಂಘದ ಕಡೆಯವರು ಒಬ್ಬರು ಹೋಗಬೇಕು. ಮೇಷ್ಟರು ಶಾಲೆ ಇದೆ ಎಂದರು. ನಾನು ಹೋದೆ. ಬೆಳಿಗ್ಗೆ ಹನ್ನೊಂದರ ಸಮಯ. ಅಮೀನ ಬೀದಿಯಲ್ಲೇ ನಿಂತು ಎತ್ತರದ ದನಿಯಲ್ಲಿ, ರಂಗಶೆಟ್ಟಿಯ ಹೆಂಡತಿ ಚಿಕ್ಕತಾಯಮ್ಮ ಯಾರು ಎಂದು ಓದಿದ. ಅವನದು ತಪ್ಪಿಲ್ಲ, ಎಲ್ಲ ಕಡೆಯೂ ಹಾಗೇ ಓದುತ್ತಿದ್ದ. ನಂಜಶೆಟ್ಟಿಯ ತಾಯಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. ಎದುರು ಮನೆಯವರು ಬಾಗಿಲಿಗೆ ಬಂದರು. ಚಿಕ್ಕತಾಯಮ್ಮ ಬಾಣಲೆಯ ಬಿಸಿನೀರಿನಿಂದ ಕೈ ತೆಗೆದವಳು ಹಾಗೇ ಹೊರಗೆ ಬಂದಳು.

"ಆ ಹೆಸ್ರಿನವ್ರು ಇಲ್ಲಿ ಯಾರೂ ಇಲ್ಲ ಸಾಮಿ" ಎಂದಳು.

ಅಮೀನ ನನ್ನ ಮುಖ ನೋಡಿದ. ಇವರೇನಾ ಎಂದ. ನಾನು ಇಲ್ಲ ಎನ್ನಬಹುದಿತ್ತೆ? ಇಲ್ಲ ಎಂದರೆ ಸುಳ್ಳು. ಹೌದು ಎಂದರೂ ಸುಳ್ಳೇ, ಯಾಕೆಂದರೆ ಚಾವಡಿಯಲ್ಲಿ ಎಲ್ಲವೂ ಮುಗಿದದ್ದನ್ನು ನೋಡಿದವನು ನಾನು. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಇದ್ದದ್ದು ಇನ್‌ಸ್ಪೆಕ್ಟರರ ನಶ್ಯದ ಡಬ್ಬಿ ಒಂದೇ. ಇವರೇ ಎಂದೆ.

ಅವಳು ಒಳಗೆ ಹೋಗಿ ನಾನು ಬರೆದುಕೊಟ್ಟಿದ್ದ ರಸೀದಿ ತಂದಳು. ಅರಿಸಿನದ ಡಬ್ಬಿಯಲ್ಲಿ ಇಟ್ಟಿದ್ದಳೋ ಏನೋ, ಅಂಚೆಲ್ಲ ಹಳದಿಯಾಗಿತ್ತು. ಇದು ನೀವೇ ಬರೆದದ್ದಲ್ಲವೇ ಎಂದು ಕೇಳಿದಳು. ಹೌದು ಎಂದೆ. ಈಗ ಇವರು ಓದಿದ್ದೂ ನೀವು ಬರೆದದ್ದೇನಾ ಎಂದಳು. ಅದಕ್ಕೂ ಹೌದು ಎಂದೆ.

"ಹಂಗಾರ ಯಾವ್ದು ದಿಟ?"

ಪತ್ರ, ಹೊಣೆ, ಜಂಟಿ ಎಂದು ಏನೇನೋ ತೊದಲಿದೆ. ಅತ್ತೆಯಾದವರು, ಹಳೆಯ ಗಂಡನ ಸಾಲ ಹೊತ್ತುಕೊಂಡು ನಮ್ಮ ಮನೆಗೆ ಬಂದಳೇ ಇವಳು ಎಂದು ಬೀದಿಗೆ ಕೇಳುವಂತೆ ಹೇಳಿದರು. ನಂಜಶೆಟ್ಟಿ ತಲೆ ತಗ್ಗಿಸಿ ನಿಂತಿದ್ದ. ಅಮೀನ ಜಪ್ತಿಯ ಪಟ್ಟಿಯಲ್ಲಿ ಚರಕ ಒಂದು, ತಾಮ್ರದ ಬಾಣಲೆ ಒಂದು ಎಂದು ಬರೆದುಕೊಂಡ. ಅವೆರಡೂ ಹೋದರೆ ಆ ಮನೆಯಲ್ಲಿ ಅವಳು ಬರಿಗೈಯವಳು. ನೆರೆಹೊರೆಯ ಮುಂದೆ ರಂಗಶೆಟ್ಟಿಯ ಹೆಂಡತಿ ಎನ್ನಿಸಿಕೊಂಡು, ಬರಿಗೈಯಲ್ಲಿ ಅಲ್ಲಿ ಬಾಳಬೇಕು. ಇದು ನನಗೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ವಾಪಸು ಬರುವಾಗ ಸೈಕಲ್ ಹತ್ತದೆ ಎರಡು ಮೈಲಿ ತಳ್ಳಿಕೊಂಡು ಬಂದೆ.

ಜಪ್ತಿ ನಿಲ್ಲಿಸಿ ಎಂದು ಇನ್‌ಸ್ಪೆಕ್ಟರರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಮೂರು ತಿಂಗಳು ಗಡುವು ಕೊಟ್ಟರು. ಅಷ್ಟರಲ್ಲಿ ಆ ಗಂಡಸನ್ನು ಹುಡುಕು, ಅವನು ಕಟ್ಟಿದರೂ ಸರಿ, ಅವಳು ಕಟ್ಟಿದರೂ ಸರಿ ಎಂದರು. ಅವರೂ ಒಳಗೊಳಗೆ ನೊಂದುಕೊಂಡಿದ್ದರೆಂದು ನನಗೆ ಅನುಮಾನ. ಆದರೆ ಕೇಳುವ ಧೈರ್ಯ ಇರಲಿಲ್ಲ.

ರಂಗಶೆಟ್ಟಿ ಗುಂಡ್ಲುಪೇಟೆಯಲ್ಲಿದ್ದಾನೆ ಎಂದು ಗೂಡಿನ ವ್ಯಾಪಾರಿಯೊಬ್ಬ ಹೇಳಿದ. ಒಂದು ದಿನ ರಜ ಹಾಕಿ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಹೋದೆ. ಊಟಿ ರಸ್ತೆಯಲ್ಲಿ, ವೈನಾಡಿನಿಂದ ಬಂದ ಮರದ ದಿಮ್ಮಿಗಳನ್ನು ಇಳಿಸುವ ಜಾಗದಲ್ಲಿ ಸಿಕ್ಕಿದ. ಗಾಡಿಯನ್ನು ಮಾರಿಕೊಂಡು ದಿಮ್ಮಿ ಹೊರುತ್ತಿದ್ದ. ನನ್ನನ್ನು ಕಂಡು ಸಂತೋಷಪಟ್ಟು, ಪಕ್ಕದ ಮಲೆಯಾಳಿ ಕಾಕನ ಅಂಗಡಿಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದ. ನಾನು ವಿಷಯ ಎತ್ತಿದೆ. ಚರಕ ಅವಳ ಹತ್ತಿರ ಇರುವಾಗ ಚರಕದ ಸಾಲ ಅರ್ಧ ನನ್ನದು ಹೇಗೆ ಎಂದು ಕೇಳಿದ. ಅದೂ ನ್ಯಾಯವೇ ಎನ್ನಿಸಿ ನಾನು ಗಲಿಬಿಲಿಗೊಂಡೆ. ಹಾಗಾದರೆ ಚಾವಡಿಯಲ್ಲಿ ಯಾಕೆ ಹೂಂ ಎಂದೆ ಎಂದು ಕೇಳಿದೆ.

"ಅವತ್ತು ಎಲ್ಲಾದ್ಕೂ ಊಂ ಅಂದ್ಬುಟ್ಟೆ ಸಾಮಿ. ತಲ ಕುಯ್ತೀವಿ ಅಂದಿದ್ರೂ ಊಂ ಅಂತಿದ್ದೆ" ಎಂದ.

ಕೊನೆಗೆ ಬೇರೆ ದಾರಿ ಕಾಣದೆ, ಅಮೀನ ಹೊಸ ಗಂಡನ ಬಾಗಿಲಲ್ಲಿ ಏನೆಂದು ಓದಿದ ಎನ್ನುವುದನ್ನು ಹೇಳಿದೆ. ನಾಚಿಕೆಪಟ್ಟು ದುಡ್ಡು ಕೊಡುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಕ. ಸರ್ಕಾರದ ಲೆಕ್ಕದಲ್ಲಿ ಅವಳು ಇನ್ನೂ ನನ್ನ ಹೆಂಡತಿಯೇ ಅನ್ನಿ ಎಂದು, ಮತ್ತೊಮ್ಮೆ ನಕ್ಕು, ಕಾಕನಿಗೂ ಅದನ್ನು ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಟೀ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ, ಆ ನಗು ಖುಷಿಯದೋ ಇನ್ನಾವುದೋ ಎಂದು ಅನುಮಾನ ಬಂತು. ಇಳಿದು ಹೋಗಿ ಕೇಳುವ ಹಾಗಿರಲಿಲ್ಲ.

ಗಡುವು ಮುಗಿಯಲು ಒಂದು ವಾರ ಇರುವಾಗ ಚಿಕ್ಕತಾಯಮ್ಮನೇ ಸಂಘಕ್ಕೆ ಬಂದಳು. ಜೊತೆಗೆ ನಂಜಶೆಟ್ಟಿ. ಮೂರು ತಿಂಗಳೂ ಎರಡು ಹೊತ್ತು ಚರಕದ ಮುಂದೆ ಕೂತಿದ್ದಳಂತೆ, ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. ತೊಂಬತ್ತು ರೂಪಾಯಿ, ಅದರ ಬಡ್ಡಿ, ನೋಟೀಸಿನ ಖರ್ಚು ಎಲ್ಲ ಸೇರಿ ನೂರ ನಾಲ್ಕು ರೂಪಾಯಿ ಆರಾಣೆ. ಆಗತಾನೆ ನಯಾ ಪೈಸೆ ಬಂದಿತ್ತು. ಆರಾಣೆ ಎಂದರೆ ಮೂವತ್ತೇಳೂವರೆ ಪೈಸೆ, ಅರ್ಧ ಪೈಸೆ ಎನ್ನುವ ನಾಣ್ಯವೇ ಇಲ್ಲ. ಮೂವತ್ತೇಳು ಬರೆಯಬೇಕೋ ಮೂವತ್ತೆಂಟೋ ಎಂದು ಖಜಾಂಚಿಗೂ ಮೇಷ್ಟರಿಗೂ ವಾದ ಹತ್ತಿತು. ಮೂವತ್ತೇಳು ಎಂದು ಕೋಷ್ಟಕದಲ್ಲಿ ಇದೆ ಎಂದು ಮೇಷ್ಟರು, ಸಂಘಕ್ಕೆ ನಷ್ಟವಾಗಬಾರದು ಎಂದು ಖಜಾಂಚಿ. ಅರ್ಧ ಗಂಟೆ ಅದೇ ನಡೆಯಿತು. ಅವಳು ಸೆರಗಿನ ಗಂಟು ಬಿಚ್ಚಿ ಇನ್ನೂ ಒಂದು ಪೈಸೆಯನ್ನು ಮೇಜಿನ ಮೇಲೆ ಇಟ್ಟು, ಇಬ್ಬರೂ ಸುಮ್ಮನಿರಿ ಎಂದಳು. ಇಬ್ಬರೂ ಸುಮ್ಮನಾದರು.

ನಾನು ಪ್ರಾಯಶ್ಚಿತ್ತದ ಹುರುಪಿನಲ್ಲಿದ್ದೆ. ರಂಗಶೆಟ್ಟಿಯ ಪಾಲನ್ನೂ ನೀವೇ ಕಟ್ಟಿದ್ದೀರಿ, ಅದನ್ನು ಅವನಿಂದ ವಸೂಲು ಮಾಡುವ ಹಕ್ಕು ನಿಮಗೆ ಉಂಟು, ದಾವಾ ಹಾಕಿ, ಅರ್ಜಿ ನಾನು ಬರೆದುಕೊಡುತ್ತೇನೆ ಎಂದೆ. ಅವಳು ಬೇಡ ಎಂದಳು. ಯಾಕೆ ಬೇಡ, ನಿಮ್ಮ ದುಡ್ಡಲ್ಲವೇ ಎಂದು ಒತ್ತಾಯಿಸಿದೆ.

"ನನ್ ಹೆಸ್ರು ಅವ್ನ ಹೆಸ್ರು ಒಂದೇ ಕಾಗ್ದದಲ್ಲಿ ಇರ್ಬಾರ್ದು ಅಂತ ನಾ ಕಟ್ದಿ ಸಾಮಿ. ನೀವು ಇನ್ನೊಂದ್ ಕಾಗ್ದ ಬರೀತೀನಿ ಅಂತೀರಲ್ಲ."

ತೀರಿದ ಪತ್ರವನ್ನು ರದ್ದು ಮಾಡಿ ಕಟ್ಟಿದವರಿಗೆ ಕೊಡಬೇಕು. ಕೊಟ್ಟೆ. ಓದಲು ಬಾರದವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಎರಡು ಹೆಬ್ಬೆಟ್ಟಿನ ಗುರುತಿನಲ್ಲಿ ತನ್ನದು ಯಾವುದು ಎಂದು ಕೇಳಿದಳು. ಎಡಗಡೆಯದು ಎಂದೆ. ಆ ಪತ್ರವನ್ನು ಚರಕದ ಒಲೆಗೆ ಹಾಕಿದಳೆಂದು ಆಮೇಲೆ ನಂಜಶೆಟ್ಟಿ ಹೇಳಿದ.

ಅದೇ ವರ್ಷ ನನಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಶಿಕ್ಷೆ ಎಂದು ಕೆಲವರು ಅಂದರು, ಇದ್ದರೂ ಇರಬಹುದು. ಅಲ್ಲಿನ ಆಫೀಸಿಗೆ ಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ರಂಗಶೆಟ್ಟಿ ಬಂದ. ಒಗೆದ ಅಂಗಿ, ಬಾಚಿದ ತಲೆ. ಹೆಗಲ ಮೇಲಿನ ವಸ್ತ್ರದ ತುದಿ ಬಿಚ್ಚಿ ನೋಟಿನ ಕಟ್ಟೊಂದನ್ನು ಮೇಜಿನ ಮೇಲೆ ಇಟ್ಟು, ನನ್ನ ಪಾಲಿನ ಸಾಲ, ಎಣಿಸಿಕೊಳ್ಳಿ ಎಂದ. ಅವತ್ತು ನಕ್ಕದ್ದು ಮನಸ್ಸಿಗೆ ಬೇಸರವಾಗಿದೆ ಎಂದೂ ಹೇಳಿದ. ಎಣಿಸಿದೆ. ನೂರಕ್ಕೆ ಎರಡು ರೂಪಾಯಿ ಕಡಿಮೆ ಇತ್ತು. ನಿನ್ನ ಸಾಲ ಈಗ ಇಲ್ಲಪ್ಪ, ಅವಳೇ ತೀರಿಸಿದಳು ಎಂದೆ.

ಅವನಿಗೆ ಅರ್ಥವಾಗಲಿಲ್ಲ. ನನ್ನ ಪಾಲನ್ನೂ ಅವಳೇ ಕಟ್ಟಿದಳೇ ಎಂದು ಮೂರು ಸಲ ಕೇಳಿದ. ಮೂರು ಸಲವೂ ಹೌದು ಎಂದೆ. ನಾನು ನೋಡುತ್ತಿರುವಂತೆಯೇ ಅವನ ಮುಖ ಅರಳಿತು.

"ಕಟ್ಟುವಾಗ ನನ್ ಇಚಾರ್ವಾಗಿ ಏನಾರ ಅಂದ್ಲಾ ಸಾಮಿ?"

ಅವಳು ಅಂದದ್ದು ನನ್ನ ನಾಲಿಗೆಯ ಮೇಲೆಯೇ ಇತ್ತು. ಹೇಳಲಾಗಲಿಲ್ಲ. ಅಂಥ ಮುಖ ಇಟ್ಟುಕೊಂಡು ಯಾರಾದರೂ ಎದುರಿಗೆ ನಿಂತಾಗ, ಹೇಳುವುದು ಒಳ್ಳೆಯದೋ ಹೇಳದಿರುವುದು ಒಳ್ಳೆಯದೋ? ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಅವಳು ಅವಸರದಲ್ಲಿದ್ದಳು, ಹೆಚ್ಚು ಮಾತಾಡಲಿಲ್ಲ ಎಂದುಬಿಟ್ಟೆ. ಹಾಗಾದರೆ ಈ ದುಡ್ಡನ್ನು ಅವಳಿಗೇ ಮುಟ್ಟಿಸಿ, ರಂಗ ಕೊಟ್ಟ ಎಂದು ಹೇಳಿ ಎಂದ. ಸಂಘಕ್ಕೆ ಸಂಬಂಧವಿಲ್ಲದ ಹಣವನ್ನು ಕೈಯಲ್ಲಿ ಮುಟ್ಟಬಾರದು ಎಂದು ನಾನು ಎಷ್ಟು ಜನರಿಗೆ ಪಾಠ ಹೇಳಿದ್ದೇನೋ. ಅವತ್ತು ಮುಟ್ಟಿದೆ.

ಆ ಭಾನುವಾರ ಚಾಮರಾಜನಗರಕ್ಕೆ ಬಸ್ಸು, ಅಲ್ಲಿಂದ ಬಾಡಿಗೆ ಸೈಕಲ್. ಚಿಕ್ಕತಾಯಮ್ಮ ಚರಕದ ಮುಂದೆಯೇ ಇದ್ದಳು. ತುಂಬಿದ ಬಸುರಿ. ಅತ್ತೆಯಾದವರು ಪಕ್ಕದಲ್ಲಿ ಕೂತು ಒಲೆಗೆ ಸೌದೆ ಒಟ್ಟುತ್ತಿದ್ದರು. ಆ ಮುದುಕಿ ನನ್ನನ್ನು ಕಂಡು ಹೆದರಿದ್ದು ಕಂಡು ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ನೋಟೀಸು ಅಲ್ಲಮ್ಮ ಎಂದು ಮೊದಲು ಹೇಳಿ, ಆಮೇಲೆ ದುಡ್ಡನ್ನು ಜಗಲಿಯ ಮೇಲೆ ಇಟ್ಟು, ಯಾರು ಕೊಟ್ಟದ್ದು, ಯಾಕೆ ಕೊಟ್ಟದ್ದು ಎಂದು ತಿಳಿಸಿದೆ. ನಂಜಶೆಟ್ಟಿ ಕಣ್ಣರಳಿಸಿದ. ಹೆರಿಗೆಯ ಖರ್ಚು ಎದುರಿಗಿದೆ, ಅವಳೇ ಬೆರಳು ಬೇಯಿಸಿಕೊಂಡು ದುಡಿದದ್ದು, ಇಸ್ಕೊಂಡರೆ ತಪ್ಪೇನು ಎಂದ. ಮುದುಕಿಯೂ ತಲೆಯಾಡಿಸಿದರು. ಕಾನೂನೂ ಅದನ್ನೇ ಹೇಳುತ್ತದೆ ಎಂದು ನಾನು ಸೇರಿಸಿದೆ. ಈ ಸಲವಾದರೂ ಊರಿನ ಮಾತು, ಕಾನೂನು ಎರಡೂ ಒಂದೇ ಕಡೆ ಇವೆ ಎಂದು ನನಗೆ ಸಮಾಧಾನವಾಗಿತ್ತು.

ಅವಳು ಎಳೆಯನ್ನು ಕೈಬಿಡಲಿಲ್ಲ. ಮೊದಲ ಸಲ ನನ್ನನ್ನು ಅಣ್ಣ ಎಂದು ಕರೆದಳು.

"ಬ್ಯಾಡ ಕಣಣ್ಣ. ಇದ ಇಸ್ಕಂಡ್ರ ನಾ ಕಟ್ಟಿದ್ದು ಸುಳ್ಳಾಯ್ತದ. ಅಂವನೇ ಕಟ್ಟಿ ನನ್ನ ಬುಡುಸ್ದಂಗಾಯ್ತದ."

ನಂಜಶೆಟ್ಟಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ತೊಂಬತ್ತೆಂಟು ರೂಪಾಯಿ ಜಗಲಿಯ ಮೇಲೆ ಬಿದ್ದಿತ್ತು. ಅದು ಸಂಘದ್ದಲ್ಲ, ಸಾಲ ತೀರಿದೆ. ಕಾನೂನಿನ ಪ್ರಕಾರ ಅವಳದು, ಅವಳಿಗೆ ಬೇಡ. ನನ್ನದಂತೂ ಅಲ್ಲವೇ ಅಲ್ಲ. ಮುದುಕಿ ಏನೋ ಹೇಳಲು ಬಾಯಿ ತೆರೆದವರು, ಸೊಸೆಯ ಮುಖ ನೋಡಿ, ಸೌದೆ ಒಟ್ಟಲು ತೊಡಗಿದರು. ನನಗೆ ಮಜ್ಜಿಗೆ ಕೊಟ್ಟರು. ಕುಡಿದು, ದುಡ್ಡನ್ನು ಜೇಬಿಗೆ ಹಾಕಿಕೊಂಡು ಹೊರಟೆ.

ಮಾರನೆಯ ದಿನ ಊಟಿ ರಸ್ತೆಗೆ ಹೋದೆ. ರಂಗಶೆಟ್ಟಿ ನನ್ನನ್ನು ದೂರದಿಂದಲೇ ಕಂಡು, ದಿಮ್ಮಿ ಇಳಿಸಿ, ಕೈ ಒರೆಸಿಕೊಂಡು ಬಂದ. ಕಾಕನ ಅಂಗಡಿಯ ಬೆಂಚಿನ ಮೇಲೆ ಕೂತೆವು. ನಾನು ಕಟ್ಟನ್ನು ಅವನ ಕೈಗೆ ಕೊಟ್ಟೆ. ಇಸ್ಕೊಳ್ಳಲಿಲ್ಲವೇ ಎಂದ. ಇಲ್ಲ ಎಂದೆ. ಯಾಕೆ ಎಂದು ಕೇಳಿದ. ಈ ಸಲ ಮುಚ್ಚಿಡಲಿಲ್ಲ. ಸಂಘದಲ್ಲಿ ಪತ್ರ ತೀರಿಸಿದ ದಿನ ಅವಳು ಅಂದದ್ದು, ನಿನ್ನೆ ಜಗಲಿಯಲ್ಲಿ ಅಂದದ್ದು, ಎರಡನ್ನೂ ಅವಳ ಮಾತಿನಲ್ಲೇ ಹೇಳಿದೆ. ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಕಳೆಯಲಿಲ್ಲ. ಅಷ್ಟು ನಿಖರವಾಗಿ ನಾನು ಯಾವ ಲೆಕ್ಕವನ್ನೂ ಒಪ್ಪಿಸಿರಲಿಲ್ಲ.

ವೈನಾಡಿನ ಕಡೆಯಿಂದ ಒಂದು ಲಾರಿ ಬಂತು, ರಂಗಶೆಟ್ಟಿಯನ್ನು ಹೆಸರು ಹಿಡಿದು ಕೂಗಿದರು, ಇವನು ಏಳಲಿಲ್ಲ.

"ಹಂಗಾರ ಬುಟ್ಟೇ ಓದ್ಲು ಅನ್ನಿ" ಎಂದ.

ನಾನು ಹೂಂ ಎಂದೆ. ಕಾಕ ಎರಡು ಲೋಟ ಟೀ ತಂದು ಇಟ್ಟ. ರಂಗಶೆಟ್ಟಿ ತನ್ನದನ್ನು ಕುಡಿದು ಮುಗಿಸಿ, ಕೈಯಲ್ಲೇ ಇದ್ದ ಆ ಕಟ್ಟಿನಿಂದ ಒಂದು ರೂಪಾಯಿ ನೋಟು ಎಳೆದು ಇಬ್ಬರ ಟೀ ದುಡ್ಡನ್ನೂ ಕೊಟ್ಟ. ಚಿಲ್ಲರೆಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ಲಾರಿಯ ಕಡೆಗೆ ಹೋದ.